ಹಲಸಿನ ಹಪ್ಪಳ ಮಾರಬೇಕು, ಮೊದಲು ಮಷಿನ್ ತಗೊಳ್ಳೋದಾ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಹಳ್ಳಿ. ಸಂಜೀವಿನಿ ಸ್ವಸಹಾಯ ಗುಂಪಿನಲ್ಲಿ 11 ಹೆಂಗಸರು ಇದ್ದೇವೆ. ಊರಲ್ಲಿ ಪ್ರತಿ ವರ್ಷ ಹಲಸು ಮರದಡಿಯೇ ಕೊಳೆಯುತ್ತದೆ. ಬಾಳೆಗೂ ಎಷ್ಟೋ ಸಲ ರೇಟ್ ಇರುವುದಿಲ್ಲ. ಹಪ್ಪಳ, ಚಿಪ್ಸ್, ಜಾಮ್, ಸ್ಕ್ವಾಷ್, ಚಾಕೊಲೇಟ್ ಎಲ್ಲದಕ್ಕೂ ತರಬೇತಿ ಆಗಿದೆ. ಈಗ ಒಬ್ಬ ಡೀಲರ್ ಬಂದು, ವ್ಯಾಕ್ಯೂಮ್ ಫ್ರೈಯರ್ ತಗೊಳ್ಳಿ, ಅರ್ಧ ದುಡ್ಡು ಸಬ್ಸಿಡಿ ಸಿಗುತ್ತದೆ ಎನ್ನುತ್ತಿದ್ದಾರೆ. ತಗೊಳ್ಳಬಹುದಾ? ಯಾವ ಪದಾರ್ಥದಿಂದ ಶುರು ಮಾಡಬೇಕು? ಎಲ್ಲಿ ಮಾರಬೇಕು? ಊರಿನ ಹೆಸರಲ್ಲೇ ಬ್ರ್ಯಾಂಡ್ ಮಾಡಬಹುದಾ?

ಉತ್ತರ: ಮಷಿನ್ ಈಗ ಬೇಡ. ಡೀಲರ್‌ಗೆ ಒಂದು ವರ್ಷ ಬಿಟ್ಟು ಬನ್ನಿ ಅಂತ ಹೇಳಿ.

ವ್ಯಾಕ್ಯೂಮ್ ಫ್ರೈಯರ್ ಕೆಟ್ಟ ಯಂತ್ರ ಅಂತಲ್ಲ. ಹಣ್ಣಾದ ಹಲಸನ್ನು ಮಾಮೂಲಿ ಬಾಣಲೆಯಲ್ಲಿ ಕರಿದರೆ ಅದರ ಸಕ್ಕರೆ ಸೀದು ಕಪ್ಪಾಗುತ್ತದೆ. ವ್ಯಾಕ್ಯೂಮ್‌ನಲ್ಲಿ ಒತ್ತಡ ಕಡಿಮೆ ಇರುತ್ತದೆ, ಹಾಗಾಗಿ ಕಡಿಮೆ ಶಾಖದಲ್ಲೇ ನೀರು ಆವಿಯಾಗುತ್ತದೆ, ಹಣ್ಣಿನ ಬಣ್ಣ ಹಾಗೇ ಉಳಿಯುತ್ತದೆ. ಆದರೆ ನಿಮ್ಮಲ್ಲಿ ಹಲಸು ಸಿಗುವುದು ವರ್ಷಕ್ಕೆ ಮೂರು ನಾಲ್ಕು ತಿಂಗಳು. ಮಿಕ್ಕ ತಿಂಗಳೂ ಬ್ಯಾಂಕಿನ ಕಂತು ಕಟ್ಟಲೇಬೇಕು. ಯಂತ್ರಕ್ಕೆ ತಕ್ಕಷ್ಟು ಕರೆಂಟ್ ಊರಲ್ಲಿ ಇದೆಯಾ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಕರಿದ ಮಾಲು ಯಾರಿಗೆ ಬೇಕು, ಇದಕ್ಕೆಲ್ಲ ಉತ್ತರ ಗೊತ್ತಿಲ್ಲದೆ ಸಾಲಕ್ಕೆ ಸಹಿ ಹಾಕಬೇಡಿ. ಸಮುದಾಯ ಭವನದ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ಕೂತ ಯಂತ್ರಗಳನ್ನು ನಾನು ಎಷ್ಟೋ ಊರುಗಳಲ್ಲಿ ನೋಡಿದ್ದೇನೆ. ಅವುಗಳ ಸಾಲ ಇನ್ನೂ ಹೆಂಗಸರ ಹೆಸರಲ್ಲೇ ಇದೆ.

ಸಬ್ಸಿಡಿ ವಿಚಾರವನ್ನೂ ಇಲ್ಲೇ ಬಿಡಿಸಿ ಹೇಳುತ್ತೇನೆ. ಡೀಲರ್ ಹೇಳುತ್ತಿರುವುದು ಬಹುಶಃ ಕೇಂದ್ರ ಸರ್ಕಾರ 2020ರಲ್ಲಿ ತಂದ ಕಿರು ಆಹಾರ ಉದ್ಯಮಗಳ ಯೋಜನೆ, ಪಿಎಂಎಫ್‌ಎಂಇ. ಕೇಂದ್ರದಿಂದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ಮಾಡಿದೆ. ಮಾತು ನಿಜ. ಆದರೆ ಇದು ಸಾಲಕ್ಕೆ ಅಂಟಿದ ಸಹಾಯಧನ. ನಿಮ್ಮ ಪಾಲು ಶೇ. 10 ಆದರೂ ಹಾಕಬೇಕು. ಸಬ್ಸಿಡಿ ಹಣ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ಮಧ್ಯದಲ್ಲಿ ಘಟಕ ನಿಂತರೆ ಸಬ್ಸಿಡಿಯೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಇದನ್ನು ಗುಂಪಿನ ಹನ್ನೊಂದೂ ಜನ ಒಟ್ಟಿಗೆ ಕೂತು ಅರ್ಥ ಮಾಡಿಕೊಳ್ಳಬೇಕು.

ಅದೇ ಯೋಜನೆಯಲ್ಲಿ ನಿಮಗೆ ಈಗಲೇ ಹೊಂದುವ ಇನ್ನೊಂದು ಬಾಗಿಲಿದೆ. ಆಹಾರ ತಯಾರಿಸುವ ಸ್ವಸಹಾಯ ಗುಂಪಿನ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜಧನ, ಅಂದರೆ ಶುರು ಮಾಡಲು ಬಂಡವಾಳ. ಸಣ್ಣ ಸಲಕರಣೆ ಮತ್ತು ದಿನದ ಖರ್ಚಿಗೆ ಇದು ಸಾಕು. ಸಂಜೀವಿನಿ ಒಕ್ಕೂಟದ ಮೂಲಕವೇ ಬರುತ್ತದೆ. ಅರ್ಜಿ ಬರೆಯಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ನೀವು ಕೊಡಬೇಕಾಗಿಲ್ಲ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಕಪೆಕ್ ಸಂಸ್ಥೆ. ಯೋಜನೆಗೆ ಅವಧಿ ಇರುತ್ತದೆ, ಅದು ಈಗ ಮುಗಿದಿರಲೂಬಹುದು, ನಿಯಮವೂ ಆಗಾಗ ಬದಲಾಗುತ್ತದೆ. ಓಡಾಡುವ ಮೊದಲು ತಾಲೂಕಿನ ಕೃಷಿ ಇಲಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಇನ್ನು, ಏನು ಮಾಡಬೇಕು? ಹಪ್ಪಳ. ಮೊದಲ ವರ್ಷ ಹಪ್ಪಳ ಒಂದೇ.

ಕಾರಣ ಹೇಳುತ್ತೇನೆ. ಹಲಸಿನ ಹಪ್ಪಳ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕರಿಯುವ ಕೆಲಸ ಗಿರಾಕಿಯದ್ದು, ಹಾಗಾಗಿ ಎಣ್ಣೆ ಕಮಟುವ ಭಯ ನಿಮಗಿಲ್ಲ. ಚೆನ್ನಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಹಪ್ಪಳಕ್ಕೆ ಜಿಎಸ್‌ಟಿಯೂ ಇಲ್ಲ. ಚಿಪ್ಸ್ ಹಾಗಲ್ಲ. ಪೇಟೆಯಲ್ಲಿ ಕೇರಳದ ದೊಡ್ಡ ತಯಾರಕರ ಜೊತೆ ನೇರ ಪೈಪೋಟಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸುವುದಕ್ಕೂ ಆಹಾರ ಸುರಕ್ಷತೆಯ ಮಿತಿ ಇದೆ. ಪ್ಯಾಕೆಟ್‌ಗೆ ಗಾಳಿ, ಬೆಳಕು ತಾಗದ ಲ್ಯಾಮಿನೇಟ್ ಬೇಕು, ಒಳಗೆ ನೈಟ್ರೋಜನ್ ತುಂಬಬೇಕು. ಜಾಮ್, ಸ್ಕ್ವಾಷ್ ತರಬೇತಿಯಲ್ಲಿ ಚೆಂದ ಕಾಣುತ್ತವೆ, ಆದರೆ ಹಲಸಿನ ಸ್ಕ್ವಾಷ್ ಬೇಕು ಅಂತ ಅಂಗಡಿಗೆ ಬಂದವರನ್ನು ನಾನಂತೂ ನೋಡಿಲ್ಲ. ಹಲಸಿನ ಹಪ್ಪಳ ಬೇಕು ಅಂತ ಬೆಂಗಳೂರಿನಲ್ಲಿ ಹುಡುಕುವ ಮಲೆನಾಡಿನವರು, ಕರಾವಳಿಯವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಮನೆಗೆ ಮಾಡುವ ಹಪ್ಪಳಕ್ಕೂ ಮಾರುವ ಹಪ್ಪಳಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮನೆಯದ್ದು ಒಂದು ವರ್ಷ ಖಾರ ಜಾಸ್ತಿ, ಇನ್ನೊಂದು ವರ್ಷ ಸಪ್ಪೆ ಆದರೂ ನಡೆಯುತ್ತದೆ. ದುಡ್ಡು ಕೊಟ್ಟವರಿಗೆ ಪ್ರತಿ ಪ್ಯಾಕೆಟ್ ಒಂದೇ ಥರ ಇರಬೇಕು. ಹಳ್ಳಿಯ ಗುಂಪುಗಳು ಎಡವುವುದು ಇಲ್ಲಿ, ರುಚಿಯಲ್ಲಿ ಅಲ್ಲ.

ಒಂದೇ ಥರ ಬರಬೇಕಾದರೆ ಮರದಿಂದ ಶುರು ಮಾಡಬೇಕು. ನಮ್ಮ ಹಲಸಿನ ಮರಗಳು ಬಹುತೇಕ ಬೀಜದಿಂದ ಹುಟ್ಟಿದವು. ಒಂದು ಮರದ ಹಾಗೆ ಇನ್ನೊಂದಿಲ್ಲ. ಪಿಷ್ಟ, ನಾರು, ಬಣ್ಣ ಎಲ್ಲ ಬೇರೆ ಬೇರೆ. ಮೆತ್ತನೆ ತೊಳೆಯ ಅಂಬಲಿ ಹಲಸಿನದು ಒಂದು ಗುಣ, ಗಟ್ಟಿ ತೊಳೆಯ ಬಕ್ಕೆಯದು ಇನ್ನೊಂದು. ಬಕ್ಕೆಯಲ್ಲೇ ಒಂದು ಮರದ ಹಪ್ಪಳ ಗರಿಗರಿಯಾಗಿ ಅರಳಿದರೆ ಪಕ್ಕದ ಮರದ್ದು ಮುದ್ದೆಯಾಗಿ ಕೂರುತ್ತದೆ. ಊರಿನ ಹಿರಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಅವರನ್ನು ಕರೆದುಕೊಂಡು ಊರೆಲ್ಲ ಸುತ್ತಿ. ಯಾವ ಮರ ಹಪ್ಪಳಕ್ಕೆ, ಯಾವುದು ಹಣ್ಣಿಗೆ, ಯಾವುದು ಬೇಗ ಬರುತ್ತದೆ, ಯಾವುದು ತಡ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮರಕ್ಕೆ ನಂಬರ್ ಬರೆಯಿರಿ. ಬೇಗ ಬರುವ ಮರ, ತಡವಾಗಿ ಬರುವ ಮರ ಎರಡೂ ಸಿಕ್ಕರೆ ನಿಮ್ಮ ಹಪ್ಪಳದ ಕಾಲ ತನ್ನಿಂದ ತಾನೇ ಉದ್ದವಾಗುತ್ತದೆ.

ಮರ ಆರಿಸುವುದರಿಂದ ಎಷ್ಟು ಲಾಭ ಆಗಬಹುದು ಎನ್ನುವುದಕ್ಕೆ ತುಮಕೂರು ಜಿಲ್ಲೆಯ ಚೇಳೂರು ನೋಡಿ. ಅಲ್ಲಿನ ಒಂದು ಮರದ ತಾಮ್ರಗೆಂಪು ತೊಳೆಯ ಹಣ್ಣನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಅದೇ ಈಗಿನ ‘ಸಿದ್ದು’ ತಳಿ. ಒಂದು ಮರದ ಕಸಿ ಗಿಡಗಳಿಂದಲೇ ಆ ರೈತರ ಮನೆಗೆ ದೊಡ್ಡ ಆದಾಯ ಬಂತು. ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆಯಲ್ಲೂ ಹಲಸು ಬೆಳೆಗಾರರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಸಂಘ ಕಟ್ಟಿಕೊಂಡು, ಒಳ್ಳೆಯ ಮರದ ಹಣ್ಣನ್ನು ಊರಿನ ಹೆಸರಲ್ಲಿ ಮಾರಿದ್ದಾರೆ. ನಿಮ್ಮೂರಲ್ಲೂ ಅಂಥ ಮರ ಇರಬಹುದು. ಅದನ್ನು ಯಾರಾದರೂ ಮರಮಟ್ಟಿಗೆ ಕಡಿಯುವ ಮೊದಲು ಹುಡುಕಿ.

ಎರಡನೆಯದು ಹಿಟ್ಟು. ಹನ್ನೊಂದು ಮನೆಯಲ್ಲಿ ಹನ್ನೊಂದು ಥರ ಬೇಯಿಸಿ ಕುಟ್ಟಬೇಡಿ. ಇಲ್ಲಿ ಲಿಜ್ಜತ್ ಹಪ್ಪಳದವರ ದಾರಿ ನೆನಪಿಸಿಕೊಳ್ಳಿ. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ ಕೆಲಸ ಅದು. ಮೊದಲ ದಿನ ಆಗಿದ್ದು ನಾಲ್ಕು ಪ್ಯಾಕೆಟ್. ಅವರಲ್ಲಿ ಹಿಟ್ಟು ಕಲಸುವುದು ಒಂದೇ ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ, ಮತ್ತೆ ತೂಕ, ಗುಣ ನೋಡಿ ಪ್ಯಾಕ್ ಮಾಡುವುದು ಒಂದೇ ಕಡೆ. ಮನೆಗೆಲಸ ಬಿಟ್ಟು ಬರಲಾಗದ ಹೆಂಗಸರೂ ದುಡಿಯಬಹುದು, ರುಚಿಯೂ ಕೆಡುವುದಿಲ್ಲ. ನಿಮಗೂ ಇದೇ ಸರಿ. ಬೇಯಿಸುವುದು, ಕುಟ್ಟುವುದು, ಉಪ್ಪು ಖಾರ ಹಾಕುವುದು ಒಂದು ಕಡೆ ಆಗಲಿ. ಒತ್ತುವುದು ಬೇಕಾದರೆ ಮನೆಮನೆಯಲ್ಲಿ ಆಗಲಿ. ಉಪ್ಪು, ಮೆಣಸಿನಪುಡಿ, ಜೀರಿಗೆ ಕೈ ಅಳತೆಯಲ್ಲಿ ಬೇಡ. ಬೇಯಿಸಿದ ಸೊಳೆ ಒಂದು ಕೆಜಿಗೆ ಇಂತಿಷ್ಟು ಗ್ರಾಂ ಅಂತ ಗೋಡೆ ಮೇಲೆ ಬರೆದು, ತೂಗಿ ಹಾಕಿ. ಉಂಡೆಯನ್ನೂ ತೂಗಿ. ಸಾವಿರ ರೂಪಾಯಿ ಆಸುಪಾಸಿನ ಒಂದು ಡಿಜಿಟಲ್ ತಕ್ಕಡಿ ನಿಮ್ಮ ಮೊದಲ ‘ಮಷಿನ್’ ಆಗಲಿ.

ಕಾಯಿ ಆರಿಸುವುದರಲ್ಲೂ ಒಂದು ಹದ ಇದೆ. ಬಲಿತಿರಬೇಕು, ಸಿಹಿ ಇಳಿದಿರಬಾರದು. ಸಿಹಿ ಇಳಿದರೆ ಕರಿದಾಗ ಹಪ್ಪಳ ಕೆಂಪಾಗುತ್ತದೆ. ಕೊಯ್ದ ಕಾಯಿಯನ್ನು ಮಾರನೇ ದಿನದೊಳಗೆ ಮುಗಿಸಿ, ಇಲ್ಲದಿದ್ದರೆ ಹಣ್ಣಾಗಲು ಶುರುವಾಗುತ್ತದೆ. ಇಡೀ ಕಾಯಿಯಲ್ಲಿ ಸೊಳೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಮಿಕ್ಕ ಸಿಪ್ಪೆ, ಸಾರೆ ಹಸುಗಳಿಗೆ ಹೋಗಲಿ. ಬೀಜ ಬಿಸಾಡಬೇಡಿ. ಆದರೆ ಮೊದಲ ವರ್ಷವೇ ಬೀಜದ ಪುಡಿ, ಬಿಸ್ಕೆಟ್ ಅಂತ ಹೊರಡಲೂ ಬೇಡಿ.

ಈಗ ಒಣಗಿಸುವ ವಿಷಯ. ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಮಲೆನಾಡಿನಲ್ಲಿ ಹಲಸು ಬಲಿಯುವ ಹೊತ್ತಿಗೆ ಮಳೆ ಬಾಗಿಲಿಗೆ ಬಂದಿರುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಎರಡು ಮೂರು ದಿನಕ್ಕೆ ಒಣಗುವ ಹಪ್ಪಳ ಜೂನ್‌ನಲ್ಲಿ ಒಂದು ವಾರ ಆದರೂ ಬಾಗುತ್ತಲೇ ಇರುತ್ತದೆ. ಅರೆ ಒಣಗಿದ್ದನ್ನು ಪ್ಯಾಕ್ ಮಾಡಿದರೆ ಎರಡೇ ವಾರಕ್ಕೆ ಮುಗ್ಗಲು. ಒಂದು ಮುಗ್ಗಲು ಪ್ಯಾಕೆಟ್ ಸಾಕು, ಆ ಅಂಗಡಿ ಬಾಗಿಲು ನಿಮಗೆ ಮುಚ್ಚಿತು ಅಂತಲೇ ಲೆಕ್ಕ.

ಒಣಗಿದೆಯಾ ಅಂತ ಕೈಗೆ ಗೊತ್ತಾಗುತ್ತದೆ ಎನ್ನುತ್ತಾರೆ, ಸ್ವಲ್ಪ ಮಟ್ಟಿಗೆ ನಿಜ. ಆದರೂ ಇದನ್ನು ಮಾಡಿ ನೋಡಿ. ಒಣಗಿತು ಅನ್ನಿಸಿದ ಹಪ್ಪಳವನ್ನು ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮುಚ್ಚಬಾರದು. ಆರಿದ ಮೇಲೆ ಅದರಲ್ಲಿ ಕೆಲವನ್ನು ಒಣಗಿದ ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ ಇಡಿ. ಬೆಳಿಗ್ಗೆ ನೋಡಿ. ಗಾಜಿನ ಒಳಗೆ ಮಂಜು ಕೂತಿದ್ದರೆ, ಹಪ್ಪಳ ಮುರಿಯುವ ಬದಲು ಬಾಗಿದರೆ, ಆ ಬ್ಯಾಚಿನ ಅಷ್ಟೂ ಹಪ್ಪಳ ಮತ್ತೆ ಬಿಸಿಲಿಗೆ ಹೋಗಬೇಕು. ಗಾಜು ತಿಳಿಯಾಗಿದ್ದು, ಹಪ್ಪಳ ಟಕ್ ಅಂತ ಮುರಿದರೆ ಪ್ಯಾಕ್ ಮಾಡಿ. ಪ್ರತಿ ಬ್ಯಾಚಿಗೂ ಇದನ್ನು ತಪ್ಪದೆ ಮಾಡಿ.

ಮೊದಲ ದೊಡ್ಡ ಖರ್ಚು ಮಾಡುವುದೇ ಆದರೆ ಡ್ರೈಯರ್‌ಗೆ ಮಾಡಿ. ಪಾಲಿಕಾರ್ಬೊನೇಟ್ ಶೀಟ್ ಹೊದಿಸಿದ ಸೋಲಾರ್ ಮನೆ ಬೇಸಿಗೆಗೆ ಚೆನ್ನ, ದೂಳು, ನೊಣ, ಕೋಳಿ ಯಾವುದರ ಕಾಟವೂ ಇಲ್ಲ. ಮಳೆಗಾಲಕ್ಕೆ ಅದೊಂದೇ ಸಾಲದು. ಕರೆಂಟ್ ಅಥವಾ ಸೌದೆಯ ಟ್ರೇ ಡ್ರೈಯರ್ ಜೊತೆಗಿರಬೇಕು. ಶಾಖ 55ರಿಂದ 60 ಡಿಗ್ರಿ ಸೆಲ್ಸಿಯಸ್ ಸಾಕು. ಬೇಗ ಮುಗಿಯಲಿ ಅಂತ 80ಕ್ಕೆ ಏರಿಸಬೇಡಿ. ಹೊರಗಿನ ಪದರ ಗಟ್ಟಿಯಾಗಿ, ಒಳಗಿನ ನೀರು ಹೊರಬರಲು ದಾರಿ ಇಲ್ಲದೆ ಅಲ್ಲೇ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ತಿಂಗಳೊಪ್ಪತ್ತಿಗೆ ಒಳಗಿಂದ ಬೂಷ್ಟು ಬರುತ್ತದೆ. ದಪ್ಪ ಇರುವ ಹಲಸಿನ ಸೊಳೆ, ಬಾಳೆಕಾಯಿ ಬಿಲ್ಲೆಗಳಲ್ಲಿ ಇದು ಜಾಸ್ತಿ. ಡ್ರೈಯರ್ ತಗೊಳ್ಳುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಇದ್ದರೆ ನಿಮ್ಮದೇ ಮಾಲು ಒಯ್ದು ಒಣಗಿಸಿ ನೋಡಿ.

ಡ್ರೈಯರ್‌ಗೆ ಇನ್ನೊಂದು ಗುಣ ಇದೆ. ವರ್ಷವಿಡೀ ದುಡಿಯುತ್ತದೆ. ಏಪ್ರಿಲ್, ಮೇನಲ್ಲಿ ಮುರುಗಲು ಸಿಪ್ಪೆ, ಆಮೇಲೆ ಹಲಸು, ಮಿಕ್ಕ ಕಾಲಕ್ಕೆ ಬಾಳೆಕಾಯಿ. ಬಾಳೆ ರೇಟ್ ಬಿತ್ತು ಅಂತ ಬರೆದಿದ್ದೀರಿ. 2021ರ ಲಾಕ್‌ಡೌನ್ ಹೊತ್ತಿನಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಕಡೆ ‘ಬಾಕಾಹು’ ಅಂತ ದೊಡ್ಡ ಸುದ್ದಿಯಾಗಿದ್ದು ನೆನಪಿರಬೇಕು. ಬಾಳೆಕಾಯಿ ಹುಡಿ. ಗೃಹಿಣಿಯರು ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರು ಕಲಿತು, ಬಲಿತ ಬಾಳೆಕಾಯಿ ಹೆಚ್ಚಿ, ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ರೊಟ್ಟಿ, ದೋಸೆ, ಸಿಹಿತಿಂಡಿ ಮಾಡಿದರು. ಕೆಲವರು ಮಾರಾಟಕ್ಕೂ ಇಳಿದರು. ಯಾರೂ ಲಕ್ಷಗಟ್ಟಲೆ ಬಂಡವಾಳ ಹಾಕಿ ಶುರು ಮಾಡಿದ್ದಲ್ಲ. ಅದು ನನಗೆ ತುಂಬಾ ಹಿಡಿಸಿದ ಸಂಗತಿ. ನಿಮ್ಮ ಎರಡನೇ ವರ್ಷಕ್ಕೆ ಇದು ಒಳ್ಳೆಯ ಪದಾರ್ಥ. ಹೆಚ್ಚಿದ ಬಿಲ್ಲೆ ಕಪ್ಪಾಗದಂತೆ ತಕ್ಷಣ ನಿಂಬೆರಸದ ನೀರಿಗೆ ಹಾಕಿ.

ಬೆಲೆ ವಿಷಯಕ್ಕೆ ಬರೋಣ. ಹಲಸು ಪುಕ್ಕಟೆ, ನಮ್ಮ ಕೈ ಪುಕ್ಕಟೆ, ಹಾಗಾಗಿ ಬಂದಿದ್ದೆಲ್ಲ ಲಾಭ ಎಂದು ಲೆಕ್ಕ ಹಾಕುವುದನ್ನು ದಯವಿಟ್ಟು ಬಿಡಿ. ನಿಮ್ಮ ಕೈ ಪುಕ್ಕಟೆ ಅಲ್ಲ. ಒಂದು ಉದಾಹರಣೆ ಹಾಕುತ್ತೇನೆ, ಅಂಕಿಗಳನ್ನು ನಿಮ್ಮೂರಿನದಕ್ಕೆ ಬದಲಾಯಿಸಿಕೊಳ್ಳಿ. ನಾಲ್ಕು ಜನ ಒಂದು ದಿನ ಕೂತರೆ 500 ಹಪ್ಪಳ ಆಯಿತು ಎನ್ನೋಣ. ಕೂಲಿ ತಲಾ 400 ರೂಪಾಯಿ. ಒಟ್ಟು 1,600. ಹಪ್ಪಳಕ್ಕೆ 3 ರೂಪಾಯಿ 20 ಪೈಸೆ ಬರೀ ಕೂಲಿ. ಇಪ್ಪತ್ತೈದರ ಪ್ಯಾಕೆಟ್‌ಗೆ 80. ಸೌದೆ, ಮೆಣಸು, ಉಪ್ಪು 10. ಪೌಚ್ ಮತ್ತು ಲೇಬಲ್ 8. ಸಾಗಾಟ, ಒಡೆದು ಹೋಗುವುದು 7. ಅಲ್ಲಿಗೆ 105. ಗುಂಪಿಗೆ 10 ರೂಪಾಯಿ ಉಳಿಯಬೇಕು, 115. ಅಂಗಡಿಯವರು ಎಂಆರ್‌ಪಿಯಲ್ಲಿ ಶೇ. 25 ಇಟ್ಟುಕೊಂಡರೆ ಎಂಆರ್‌ಪಿ 150ರ ಆಸುಪಾಸು ಬರುತ್ತದೆ. ಇದೇ ಪ್ಯಾಕೆಟ್ಟನ್ನು ಮೇಳದಲ್ಲಿ 60 ರೂಪಾಯಿಗೆ ಮಾರಿ ಖುಷಿಯಿಂದ ಮನೆಗೆ ಹೋಗುವ ಗುಂಪುಗಳಿವೆ. ಕೂಲಿಯನ್ನು ಕೈಯಾರೆ ದಾನ ಮಾಡಿ ಬಂದ ಹಾಗೆ. ಹೆಂಗಸರ ದುಡಿಮೆಗೆ ಬೆಲೆ ಕಟ್ಟದೆ ನಡೆಯುವ ಉದ್ಯಮಕ್ಕೆ ‘ಸಬಲೀಕರಣ’ ಅಂತ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ. 150 ಜಾಸ್ತಿ ಆಯಿತು ಅನ್ನಿಸಿದರೆ ಒತ್ತುವ ಕೆಲಸ ಬೇಗ ಆಗುವ ದಾರಿ ಹುಡುಕಿ. ಕೈಯಿಂದ ಒತ್ತುವ ಸಣ್ಣ ಪ್ರೆಸ್ ತಗೊಳ್ಳಿ. ಕೂಲಿ ಕಡಿಮೆ ಮಾಡಬೇಡಿ.

ಮಾರಾಟವನ್ನು ಹಪ್ಪಳ ಒಣಗಿದ ಮೇಲೆ ಯೋಚಿಸುವುದಲ್ಲ, ಕಾಯಿ ಕೊಯ್ಯುವ ಮೊದಲೇ ಶುರು ಮಾಡಿ. ನಿಮ್ಮ ಊರಿನಿಂದ ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿಗೆ ಹೋದ ಮನೆಗಳ ಪಟ್ಟಿ ಮಾಡಿ. ಮೊದಲ ಪ್ಯಾಕೆಟ್‌ಗಳು ಅಲ್ಲಿಗೆ ಹೋಗಲಿ, ದುಡ್ಡಿಗೇ ಹೋಗಲಿ. ಮೊದಲ ಸಲ ಊರಿನ ಅಭಿಮಾನಕ್ಕೆ ತಗೊಳ್ಳುತ್ತಾರೆ. ಅವರಾಗಿಯೇ ಫೋನ್ ಮಾಡಿ ಎರಡನೇ ಸಲ ಕೇಳಿದರೆ ಮಾತ್ರ ಮಾಲು ಚೆನ್ನಾಗಿದೆ ಅಂತ ನಂಬಿ. ಕೇಳದಿದ್ದರೆ ನೀವೇ ಫೋನ್ ಮಾಡಿ ಯಾಕೆ ಅಂತ ವಿಚಾರಿಸಿ. ಆಮೇಲೆ ಎರಡು ಮೂರು ಅಂಗಡಿ ಸಾಕು. ಅಂಗಡಿಯವರು ಪ್ಯಾಕೆಟ್ ತಿರುಗಿಸಿ ಮೊದಲು ನೋಡುವುದು ದಿನಾಂಕ. ಆಮೇಲೆ ಕೇಳುವುದು, ಖಾಲಿಯಾದರೆ ಮತ್ತೆ ಯಾವಾಗ ಕೊಡುತ್ತೀರಿ ಅಂತ. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಿ. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿ ಹಲಸಿನಂಥ ಮಲೆನಾಡಿನ ಉತ್ಪನ್ನಗಳ ಮಾರಾಟದಲ್ಲಿ ಅನುಭವ ಇರುವ ಸಂಸ್ಥೆ, ಒಮ್ಮೆ ಹೋಗಿ ಮಾತಾಡಿ. ಹಲಸಿನ ಮೇಳ, ಸ್ವಸಹಾಯ ಗುಂಪುಗಳ ಸರಸ್ ಮೇಳ, ನವೆಂಬರ್ ಹೊತ್ತಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ ಇವೆಲ್ಲ ಗಿರಾಕಿಯ ಮುಖ ನೋಡಲು ಒಳ್ಳೆಯ ಜಾಗ. ಮೇಳದ ವ್ಯಾಪಾರವನ್ನೇ ನಂಬಿಕೊಂಡು ಲೆಕ್ಕ ಹಾಕಬೇಡಿ, ಅಷ್ಟೇ. ಬಂದವರ ಫೋನ್ ನಂಬರ್ ಬರೆದುಕೊಳ್ಳಿ.

ಕಾಗದಪತ್ರ ಹೆದರುವಷ್ಟು ಇಲ್ಲ. ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು, ಆನ್‌ಲೈನಲ್ಲೇ ಆಗುತ್ತದೆ, ಶುಲ್ಕ ತೀರಾ ಕಡಿಮೆ. ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ. ಸಿಗುವ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ಹಸಿರು ಚುಕ್ಕೆ, ತೂಕ, ಎಂಆರ್‌ಪಿ, ತಯಾರಾದ ದಿನ, ಎಲ್ಲಿವರೆಗೆ ಬಳಸಬಹುದು, ಬ್ಯಾಚ್ ನಂಬರ್, ಪೋಷಕಾಂಶ, ವಿಳಾಸ, ಫೋನ್. ಬರೀ ಕನ್ನಡದಲ್ಲಿ ಬರೆದರೆ ಕಾನೂನಿಗೆ ಸಾಲದು, ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಇರಬೇಕು. ಕನ್ನಡ ದೊಡ್ಡದಾಗಿ ಇರಲಿ. ‘ಎಲ್ಲಿವರೆಗೆ’ ಎಂಬುದನ್ನು ಬೇರೆಯವರ ಪ್ಯಾಕೆಟ್ ನೋಡಿ ಬರೆಯಬೇಡಿ. ಪ್ರತಿ ಬ್ಯಾಚಿನ ಒಂದಷ್ಟು ಪ್ಯಾಕೆಟ್ ತೆಗೆದಿಟ್ಟು, ತಿಂಗಳಿಗೊಂದು ಒಡೆದು ಮೂಸಿ, ಕರಿದು, ತಿಂದು ನೋಡಿ. ಯಾವ ತಿಂಗಳು ರುಚಿ ಇಳಿಯಿತೋ ಅದಕ್ಕಿಂತ ಮುಂಚಿನ ತಿಂಗಳು ನಿಮ್ಮ ಗಡುವು. ಮೈಸೂರಿನ ಸಿಎಫ್‌ಟಿಆರ್‌ಐ ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ. ಪರೀಕ್ಷೆ, ಪ್ಯಾಕಿಂಗ್ ಸಲಹೆಗೆ ಅಲ್ಲಿಗೆ ಬರೆಯಬಹುದು.

ಕೊನೆಯ ಪ್ರಶ್ನೆ, ಊರಿನ ಹೆಸರು. ಖಂಡಿತ ಇಡಿ, ಪ್ಯಾಕೆಟ್ ಮೇಲೆ ಊರು ಕಾಣಲಿ. ಆದರೆ ಬರೀ ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಅದರ ಜೊತೆ ನಿಮ್ಮದೇ ಆದ ಒಂದು ಪದ ಸೇರಿಸಿ. ಸಣ್ಣ ಉದ್ಯಮವಾಗಿ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ. ಅದಕ್ಕೂ ಅವಸರ ಇಲ್ಲ. ಬಣ್ಣದ ಪೌಚ್ ಪ್ರಿಂಟ್ ಮಾಡಿಸಲು ಹೋದರೆ ಸಾವಿರಗಟ್ಟಲೆ ಒಟ್ಟಿಗೆ ತಗೊಳ್ಳಿ ಎನ್ನುತ್ತಾರೆ. ಆಮೇಲೆ ತೂಕ ಬದಲಾಯಿಸಬೇಕು, ಖಾರ ಕಡಿಮೆ ಮಾಡಬೇಕು ಅನ್ನಿಸಿದಾಗ ಅಷ್ಟೂ ಪೌಚ್ ವ್ಯರ್ಥ. ಈ ಸೀಸನ್‌ಗೆ ಸಾದಾ ದಪ್ಪ ಪೌಚ್, ಮೇಲೊಂದು ಸ್ಟಿಕ್ಕರ್ ಸಾಕು. ಮುಂದಿನ ಮಾರ್ಚ್‌ನಲ್ಲಿ ಮೊದಲ ಕಾಯಿ ಬಲಿಯುವ ಹೊತ್ತಿಗೆ ಎಷ್ಟು ಮನೆ, ಎಷ್ಟು ಅಂಗಡಿ ಮತ್ತೆ ಕೇಳಿದವು ಅಂತ ಬರೆದು ಕಳಿಸಿ. ಡ್ರೈಯರ್ ಎಷ್ಟು ದೊಡ್ಡದು ಬೇಕು ಅನ್ನುವುದನ್ನು ಆ ಲೆಕ್ಕ ನೋಡಿಯೇ ತೀರ್ಮಾನ ಮಾಡೋಣ.